ಜಾರುಬಂಡಿಯ ಸುತ್ತ ಮೆಣಸಿನಕಾಯಿ

ನನ್ನ ಮಗಳಿಗೆ ಓಡಲು ಬರುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಅವಳ ಶಾಲೆಯ ಅಕ್ಕೋರು. ಆಗ ಅವಳು ಎರಡನೆಯ ತರಗತಿ. ಆಟೋಟದ ದಿನ ಸೀಟಿ ಊದಿದ ಕೂಡಲೇ ಉಳಿದ ಮಕ್ಕಳೆಲ್ಲ ಹೋ ಎಂದು ಓಡಿದರೆ, ಇವಳು ತಲೆ ತಗ್ಗಿಸಿ ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಎತ್ತಿ ಇಡುತ್ತ ನಡೆದಳಂತೆ. ಬಹುಮಾನ ಹಂಚಿ ಮುಗಿಯುವ ಹೊತ್ತಿಗೆ ಗೆರೆ ಮುಟ್ಟಿದಳಂತೆ.

"ಕಾಲಿಗೆ ಏನಾರ ತ್ರಾಸ ಐತೇನ್ರಿ? ಒಮ್ಮೆ ಡಾಕ್ಟರಿಗೆ ತೋರಸ್ರಿ" ಅಂದರು ಅಕ್ಕೋರು.

ತೋರಿಸಿದೆ. ಡಾಕ್ಟರು ಮಂಡಿ ತಟ್ಟಿದರು, ಪಾದ ಹಿಡಿದು ತಿರುವಿದರು, ಅವಳನ್ನು ಬಾಗಿಲವರೆಗೆ ನಡೆಸಿ ನೋಡಿದರು. "ಕಾಲು ಛಲೋ ಅದಾವ. ಈಕಿ ಆಟಾ ಆಡೂದು ಎಲ್ಲಿ?" ಎಂದು ಕೇಳಿದರು. ದಾರಿಯುದ್ದಕ್ಕೂ ಅಂಥ ಒಂದು ಜಾಗಕ್ಕಾಗಿ ಕಣ್ಣಾಡಿಸುತ್ತ ಮನೆಗೆ ಬಂದೆ.

ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಬಯಲು ಎಂಬುದೇ ಇರುವುದಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಪ್ರಾಂಗಣ ತುಂಬಿ, ಅಲ್ಲಿಂದ ಉಕ್ಕಿ ಓಣಿ ಓಣಿಗೂ ಬರುತ್ತದೆ. ನಮ್ಮದು ಸಣ್ಣ ವ್ಯಾಪಾರ. ನಮ್ಮ ಮನೆಯವರು ತಂಪು ಹಿಡಿದ ಕಾಯಿಯನ್ನು ಕಡಿಮೆ ದರಕ್ಕೆ ಕೊಂಡು ತಂದು, ಒಣಗಿಸಿ, ತೊಟ್ಟು ಬಿಡಿಸಿ ಮಾರುತ್ತಿದ್ದರು. ಓಣಿಯ ಮುಕ್ಕಾಲು ಮನೆಗಳ ಕಸುಬೂ ಇದೇ. ಅಂಗಳ, ಮಾಳಿಗೆ, ರಸ್ತೆಯ ಅಂಚು, ಗುಡಿಯ ಕಟ್ಟೆ ಎಲ್ಲ ಕೆಂಪು. ನನ್ನ ಮಗಳು ನಡೆಯಲು ಕಲಿತದ್ದೇ ಕಾಯಿಗಳ ನಡುವಿನ ಸಂದಿಯಲ್ಲಿ. "ಲಕ್ಷ್ಮೀ ಅದು, ಕಾಲಿಲೆ ತುಳೀಬಾರ್ದವ್ವಾ" ಎಂದು ಅತ್ತೆ ಅವಳಿಗೆ ಹೇಳಿಕೊಟ್ಟಿದ್ದರು. ನನ್ನದು ಅಷ್ಟು ಭಕ್ತಿಯ ಮಾತಲ್ಲ. ಒಣಗಿದ ಕಾಯಿ ತುಳಿದರೆ ಒಡೆಯುತ್ತದೆ, ಒಡೆದ ಕಾಯಿಯನ್ನು ಯಾರೂ ಮೂಸುವುದಿಲ್ಲ. "ತುಳದಿ ಅಂದ್ರ ಕಾಲ ಮುರೀತೇನಿ ನೋಡು" ಅನ್ನುತ್ತಿದ್ದೆ.

ನಮ್ಮ ಓಣಿಯ ಮಕ್ಕಳಿಗೆ ಒಂದು ಆಟವಿತ್ತು. ಒಬ್ಬರು ಕೋಲು ಹಿಡಿದು ಕಟ್ಟೆಯ ಮೇಲೆ ಕೂತು ಕಾಯಿ ಕಾಯಬೇಕು. ಉಳಿದವರು ಆಡುಗಳು. ಆಡುಗಳು ದೂರ ನಿಂತು "ಮ್ಯಾ" ಅನ್ನಬೇಕು, ಹತ್ತಿರ ಬರಬಾರದು. ಬರದಿದ್ದರೆ ಆಟ ಹೇಗಾಗುತ್ತದೆ ಎಂದು ನಾನೊಮ್ಮೆ ಕೇಳಿದೆ. "ಬಂದ್ರ ಕಾಯಿ ತುಳೀತೇವಲ್ಲಾ ಅವ್ವಾ" ಎಂದಳು ಮಗಳು. ಹೀಗೆ ಅವರು ಸಂಜೆಯವರೆಗೆ ನಿಂತಲ್ಲೇ ನಿಂತು "ಮ್ಯಾ" ಅನ್ನುತ್ತಿದ್ದರು.

ಡಾಕ್ಟರಲ್ಲಿಂದ ಬಂದ ದಿನವೇ ನಾನು ಓಣಿಯ ಹೆಂಗಸರನ್ನು ಸೇರಿಸಿದೆ. ಓಣಿಯ ಕೊನೆಗೆ ಪುರಸಭೆಯ ಉದ್ಯಾನವೊಂದಿತ್ತು. ಉದ್ಯಾನ ಎಂದು ಬೋರ್ಡು ಹೇಳುತ್ತಿತ್ತು, ನೆಲ ಒಪ್ಪುತ್ತಿರಲಿಲ್ಲ. ಜಾಲಿ ಮುಳ್ಳು, ತಗ್ಗು, ಮೂರು ಕಾಲಿನ ಒಂದು ಬೆಂಚು, ಓಣಿಯ ಅಷ್ಟೂ ಆಡು. ಅದನ್ನು ನಮ್ಮ ಮಕ್ಕಳಿಗೆ ಸರಿ ಮಾಡಿಕೊಡಿ ಎಂದು ಅರ್ಜಿ ಬರೆದೆವು. ತೊಟ್ಟು ಬಿಡಿಸುತ್ತಿದ್ದ ಕೈಗಳಿಂದಲೇ ಎಲ್ಲರೂ ಸಹಿ ಮಾಡಿದರು. ಪುರಸಭೆಯ ಗುಮಾಸ್ತರು ಅದನ್ನು ತೆರೆದವರೇ ಏಳು ಸಲ ಸೀನಿ, ಕರವಸ್ತ್ರದಲ್ಲಿ ಹಿಡಿದು ಒಳಗೆ ಒಯ್ದರು. ಆ ಅರ್ಜಿಯನ್ನು ಯಾರೂ ಮೇಜಿನ ಮೇಲೆ ಬಹಳ ದಿನ ಇಟ್ಟುಕೊಳ್ಳಲಾರದೆ ಬೇಗ ಬೇಗ ಮುಂದೆ ದೂಡಿದರು ಎಂದು ಆಮೇಲೆ ತಿಳಿಯಿತು. ನಮ್ಮ ಕೆಲಸ ಅಷ್ಟು ಲಗೂ ಆದದ್ದು ನ್ಯಾಯದ ಬಲದಿಂದಲ್ಲ, ಖಾರದ ಬಲದಿಂದ.

ಮೊದಲು ತಂತಿ ಬೇಲಿ ಬಂತು, ಗೇಟು ಬಂತು. ಆಡುಗಳು ಹೊರಗುಳಿದವು. ಆಡು ಬಾರದ ಒಂದು ಬಯಲು ಬ್ಯಾಡಗಿಯಲ್ಲಿ ಸುಗ್ಗಿಯ ದಿನ ಖಾಲಿ ಬಿದ್ದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೊದಲ ಚೀಲ ಸುರುವಿದವರು ಯಾರು ಎಂಬ ಬಗ್ಗೆ ಓಣಿಯಲ್ಲಿ ಇವತ್ತಿಗೂ ತಕರಾರಿದೆ. ನಾನೇ ಹೇಳಿಬಿಡುತ್ತೇನೆ: ನಾವು. ಒಂದೇ ದಿನದ ಮಟ್ಟಿಗೆ ಎಂದು ನಮ್ಮ ಮನೆಯವರು ಹೇಳಿದ್ದರು, ನಾನು ನಂಬಿದಂತೆ ಮಾಡಿದೆ. ಮರುದಿನ ಎದುರು ಮನೆಯ ಕಾಕಾ ತಮ್ಮದನ್ನೂ ತಂದು ಸುರುವಿದರು. ವಾರದೊಳಗೆ ಉದ್ಯಾನ ಹಂಚಿಕೆಯಾಗಿ ಹೋಯಿತು.

ಆದರೂ ಚಳವಳಿ ನಿಲ್ಲಿಸಲಿಲ್ಲ. ಮಕ್ಕಳು ತಗ್ಗಿನಲ್ಲಿ ಬೀಳುತ್ತಾರೆ, ನೆಲ ಸಪಾಟು ಮಾಡಿಕೊಡಿ ಎಂದು ಎರಡನೆಯ ಅರ್ಜಿ ಕೊಟ್ಟೆವು. ಬಿದ್ದ ಮಗು ಒಂದೂ ಇರಲಿಲ್ಲ, ಒಳಗೆ ಬಿಟ್ಟರೆ ತಾನೆ ಬೀಳುವುದು. ಪುರಸಭೆಯವರು ಉದಾರವಾಗಿ ಅರ್ಧ ಉದ್ಯಾನಕ್ಕೆ ಸಿಮೆಂಟು ಹಾಕಿಸಿದರು. ಸಿಮೆಂಟಿನ ಮೇಲೆ ಕಾಯಿ ಮಣ್ಣಿಗಿಂತ ಒಂದು ದಿನ ಮುಂಚೆ ಒಣಗುತ್ತದೆ. ಕಾಕಾ ನನಗೆ ಕೈಮುಗಿದು, "ನೀವು ಹೆಣ್ಮಕ್ಕಳು ಮನಸ ಮಾಡಿದ್ರ ಏನಾರ ಮಾಡ್ತೀರಿ ನೋಡ್ರಿ" ಅಂದರು. ನನಗೆ ಹೆಮ್ಮೆಯೇನೋ ಆಯಿತು. ಬೆಳಿಗ್ಗೆ ಕೋಲು ಹಿಡಿದು ಆ ಸಿಮೆಂಟಿನಿಂದ ಮಕ್ಕಳನ್ನು ಓಡಿಸುತ್ತಿದ್ದವಳು ನಾನು, ಸಂಜೆ ಅದೇ ಮಕ್ಕಳಿಗಾಗಿ ಅರ್ಜಿ ಬರೆಯುತ್ತಿದ್ದವಳೂ ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರಲ್ಲ, ಆ ಬೇಲಿಯನ್ನು ಹಾಕಿಸಿದವಳೂ ನಾನೇ.

ಮಗಳು ನಾಲ್ಕನೆಯ ತರಗತಿಗೆ ಬಂದ ವರ್ಷ ಜಾರುಬಂಡಿ ಬಂತು. ಹೊಸ ತಗಡು, ಹಸಿರು ಬಣ್ಣದ ಏಣಿ. ಅದನ್ನು ತಂದ ಟ್ರ್ಯಾಕ್ಟರಿನ ಹಿಂದೆ ಮಕ್ಕಳು ಮೆರವಣಿಗೆ ಬಂದರು. ನನ್ನ ಮಗಳು ಮಾತ್ರ ಮೆರವಣಿಗೆಯ ಕೊನೆಗೆ, ನೆಲ ನೋಡುತ್ತ. ಸಿಮೆಂಟಿನ ನಟ್ಟನಡುವೆ ಅದನ್ನು ನಿಲ್ಲಿಸಿದರು. ಮೊದಲ ದಿನ ಮಕ್ಕಳು ಆಡಿದರು, ಖರೇ. ಎರಡನೆಯ ದಿನ ಕಾಕಾ ಏಣಿ ಹತ್ತಿ ಮೇಲಿಂದ ಒಂದು ಬುಟ್ಟಿ ಕಾಯಿ ಸುರುವಿದರು. ಜಾರುತ್ತ ಬರುವಾಗ ಧೂಳೂ ಬೀಜವೂ ತಗಡಿಗೆ ಅಂಟಿ, ಕೆಳಗೆ ಕಾಯಿ ಮಾತ್ರ ಸ್ವಚ್ಛವಾಗಿ ಬಂದು ಬಿತ್ತು. ಆಮೇಲೆ ಜಾರಿದ ಮಕ್ಕಳೆಲ್ಲ ಕುಂಡೆ ಹಿಡಿದುಕೊಂಡು ಅಳುತ್ತ ಮನೆಗೆ ಬಂದವು. ಓಣಿಯಲ್ಲಿ ಆ ಸಂಜೆ ಕೊಬ್ಬರಿ ಎಣ್ಣೆ ಉಳಿಯಲಿಲ್ಲ. ನಾನು ಕಾಕಾನ ಮನೆಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಅವರು ಶಾಂತವಾಗಿ, "ನಿಮ್ಮ ಮನಿಯವ್ರೂ ಎರಡ ಬುಟ್ಟಿ ಬಿಟ್ಟಾರಲ್ಲಾ, ಅವ್ರನ್ನೂ ಬೈರಿ" ಅಂದರು. ಮನೆಗೆ ಬಂದು ಅವರನ್ನೂ ಬೈದೆ.

ಅಷ್ಟಾದರೂ ಮಗಳು ಒಮ್ಮೆಯೂ ಜಾರುಬಂಡಿ ಹತ್ತಿರಲಿಲ್ಲ. ಉರಿಗೆ ಹೆದರಿ ಅಲ್ಲ. ಮೊದಲ ದಿನವೂ ಅಲ್ಲೊಂದು ಇಲ್ಲೊಂದು ಕಾಯಿ ಬಿದ್ದಿತ್ತು, ಅದನ್ನು ಆರಿಸಿ ಉಡಿಯಲ್ಲಿ ತುಂಬಿಕೊಳ್ಳುವುದರಲ್ಲೇ ಅವಳ ಆಟ ಮುಗಿದಿತ್ತು. ನನಗೆ ಹಟ ಬಂತು. ಜೋಕಾಲಿ ತರಿಸುತ್ತೇನೆ ಅಂದುಕೊಂಡೆ. ಜೋಕಾಲಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ, ನಾಗರಪಂಚಮಿ ಹಬ್ಬದ ಜೋಕಾಲಿಯಲ್ಲಿ ಹೆದರದೆ ಜೀಕಿದ ಹುಡುಗಿ ಅದರಲ್ಲಾದರೂ ನೆಲ ಮರೆತಾಳು. ಮೂರನೆಯ ಅರ್ಜಿ ಹಾವೇರಿಗೇ ಹೋಯಿತು. ಅಲ್ಲಿಂದ ಒಬ್ಬ ಸಾಹೇಬರು ಬಂದು ನೋಡುತ್ತಾರೆ, ಇರುವುದರಲ್ಲಿ ಮಕ್ಕಳು ಆಡುತ್ತಿದ್ದರೆ ಮಾತ್ರ ಜೋಕಾಲಿ ಎಂದು ಉತ್ತರ ಬಂತು.

ಸಾಹೇಬರು ಬರುವ ದಿನ ಉದ್ಯಾನ ಖಾಲಿ ಇಡಬೇಕೆಂದು ಓಣಿಗೆ ಓಣಿಯೇ ಒಪ್ಪಿತ್ತು. ಆದರೆ ಹಿಂದಿನ ರಾತ್ರಿ ಅಕಾಲದಲ್ಲಿ ನಾಲ್ಕು ಹನಿ ಬಿತ್ತು. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು. ತಂಪಾದ ಕಾಯಿಯನ್ನು ಮನೆಯೊಳಗೆ ಕಟ್ಟಿಟ್ಟು ಬೂಸು ಹಿಡಿಸುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಎಂಟು ಗಂಟೆಗೆ ಉದ್ಯಾನದಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಗೇಟಿನಿಂದ ಜಾರುಬಂಡಿಯವರೆಗೆ ಒಂದು ದಾರಿಯನ್ನಾದರೂ ಬಿಡೋಣ ಎಂದೆ. ಎಲ್ಲರೂ ಹೌದೆಂದರು. ದಾರಿ ಒಂದೋ ನಮ್ಮ ಪಾಲಿನಲ್ಲಿ ಹಾಯಬೇಕು, ಇಲ್ಲ ಕಾಕಾನ ಪಾಲಿನಲ್ಲಿ.

"ನಿಮ್ಮ ಕಡೆ ತುಸು ಸರಸ್ರೆಲ್ಲಾ" ಅಂದರು ಕಾಕಾ.

"ನೀವು ಸರಸ್ರಿ. ನಮ್ಮವು ಇನ್ನೂ ತುಸು ತಂಪ ಅದಾವ" ಅಂದವಳು ನಾನೇ.

ಹತ್ತು ಗಂಟೆಯವರೆಗೆ ಚರ್ಚೆ ನಡೆದು, ದಾರಿ ಬೇಕು ಎಂಬ ಒಮ್ಮತಕ್ಕೆ ಬಂದು, ದಾರಿ ಬಿಡದೆ ಎದ್ದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿನಲ್ಲಿ ಪೂಜಾರಿ ನಾವಾಗಿದ್ದೆವು.

ಸಾಹೇಬರು ಹನ್ನೆರಡಕ್ಕೆ ಬಂದರು. ಗೇಟಿನಲ್ಲೇ ಸೀನಲು ಶುರು ಮಾಡಿದರು. ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು, "ಇದು ಉದ್ಯಾನ ಏನ್ರಿ, ಕಣಾ ಏನ್ರಿ? ಮಕ್ಕಳೆಲ್ಲಿ ಅದಾವ?" ಎಂದು ಕೇಳಿದರು.

ಮಕ್ಕಳು ಅಲ್ಲೇ ಇದ್ದರು. ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬೇಲಿಯ ಗುಂಟ ಸಾಲಾಗಿ ಕೈಕಟ್ಟಿ ನಿಂತಿದ್ದರು. ಒಬ್ಬನ ಹೆಬ್ಬೆರಳೂ ಕಾಯಿಗೆ ತಾಗಿರಲಿಲ್ಲ. ಅಷ್ಟು ಶಿಸ್ತಿನ ಮಕ್ಕಳನ್ನು ನಾನು ಶಾಲೆಯಲ್ಲೂ ಕಂಡಿಲ್ಲ.

"ಒಂದಾರ ಮಗು ಹತ್ತೂದಿಲ್ಲ. ಇವ್ರಿಗೆ ಜೋಕಾಲಿ ಯಾಕ ಬೇಕ್ರಿ?" ಅಂದರು ಸಾಹೇಬರು.

"ಹಂಗಲ್ರಿ ಸಾಹೇಬ್ರ, ಮಳಿಗಾಲದಾಗ ಆಡ್ತಾವ್ರಿ" ಅಂದರು ಕಾಕಾ.

ನಾನು ಮಗಳ ಬೆನ್ನು ತಟ್ಟಿದೆ. "ಹೋಗವ್ವಾ, ಹತ್ತು."

ಅವಳು ಜಾರುಬಂಡಿ ನೋಡಿದಳು, ಕಾಯಿ ನೋಡಿದಳು. "ದಾರಿ ಇಲ್ಲವ್ವಾ" ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಯಾರ ಮೇಲಿನ ಸಿಟ್ಟೋ ಗೊತ್ತಿಲ್ಲ, ಹೆಚ್ಚಿನದು ನನ್ನ ಮೇಲಿನದೇ ಇರಬೇಕು. ಬಗ್ಗಿ ಒಂದು ಕಾಯಿ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಸೆರಗು ಸಿಕ್ಕಿಸಿದೆ, ನಮ್ಮ ಪಾಲಿನ ಮೇಲೇ ಬರಿಗಾಲಲ್ಲಿ ನಡೆದೆ. ಮಧ್ಯಾಹ್ನದ ಬಿಸಿಲಿಗೆ ಗರಿಗರಿಯಾಗಿದ್ದ ಕಾಯಿ ಕಾಲಡಿಯಲ್ಲಿ ಪಟಪಟ ಒಡೆದವು. ಅತ್ತೆ ಬೇಲಿಯಾಚೆಯಿಂದ "ಶಿವ ಶಿವಾ" ಅಂದರು. "ನೋಡು, ನಾ ತುಳೀತೇನಿ. ಬಾ!" ಎಂದು ಕೂಗಿದೆ.

"ಅವ್ವಾ! ಕಾಯಿ ಒಡ್ಯಾಕತ್ತಾವ!" ಎಂದು ಚೀರಿದಳು ಮಗಳು. ಚೀರಿದವಳೇ ಓಡಿದಳು.

ಓಡಿದಳು. ತಲೆ ಎತ್ತಿ, ಲಂಗ ಎತ್ತಿ, ಎರಡೂ ಜಡೆ ಹಾರುತ್ತ, ನೆಲ ನೋಡದೆ, ಕಾಯಿಯ ಮೇಲೆಯೇ ದಡದಡ ಓಡಿ ಬಂದಳು, ನನ್ನನ್ನು ಕಾಯಿಯ ಮೇಲಿಂದ ಎಳೆದು ಒಯ್ಯಲು. ಅಷ್ಟು ಚಂದ ಓಡುವ ಹುಡುಗಿಯನ್ನು ನಾನು ನೋಡಿಯೇ ಇರಲಿಲ್ಲ. ಬಂದು ನನ್ನ ಸೀರೆ ಹಿಡಿದು ಜಗ್ಗಿದಳು. ಆಮೇಲೆ ತನ್ನ ಕಾಲಡಿ ನೋಡಿಕೊಂಡಳು. ನನ್ನ ಮುಖ ನೋಡಿದಳು.

ಆಗ ನಾನು ಅವಳನ್ನು ಎತ್ತಿಕೊಂಡು ಜಾರುಬಂಡಿಯ ಮೇಲೆ ಕೂರಿಸಬೇಕಿತ್ತು. ಎದೆಯಲ್ಲಿ ಅದೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಎಷ್ಟು ವರ್ಷದ ರೂಢಿಯೋ, ಬಾಯಿ ತನ್ನ ಪಾಡಿಗೆ ತಾನೇ ಕೂಗಿತು: "ಎಷ್ಟ ಕಾಯಿ ತುಳದಿ ನೋಡು!"

ಸಾಹೇಬರು ಸೀನುತ್ತ ಏನೋ ಬರೆದುಕೊಂಡು ಜೀಪು ಹತ್ತಿದರು. ಜೋಕಾಲಿ ಬರಲಿಲ್ಲ. ಅದಕ್ಕೆ ನನಗೆ ದುಃಖವಿಲ್ಲ, ಆ ಒಂದು ಮಾತಿಗೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ. ಮಗಳು ಅಳಲಿಲ್ಲ. ನನ್ನ ಸೀರೆ ಬಿಟ್ಟು, ತಲೆ ತಗ್ಗಿಸಿ, ಮತ್ತೊಂದು ಕಾಯಿಯೂ ಒಡೆಯದ ಹಾಗೆ ಓಡಿ ಬಂದ ಹೆಜ್ಜೆಗಳ ಮೇಲೇ ಒಂದೊಂದಾಗಿ ಹೆಜ್ಜೆ ಇಡುತ್ತ ಗೇಟಿಗೆ ಮರಳಿದಳು.