ಮೀನಿಗೆ ಹೇಳಿದ ಕನ್ನಡ

ಸಿಯಾಟಲ್‌ನ ಈ ಕಾಲುವೆಯಲ್ಲಿ ಗೇಟು ಮುಚ್ಚಿ, ನೀರು ತುಂಬಿಸಿ, ದೋಣಿಗಳನ್ನು ಸಮುದ್ರದಿಂದ ಸರೋವರದ ಮಟ್ಟಕ್ಕೆ ಏರಿಸುತ್ತಾರೆ. ಪಕ್ಕದಲ್ಲೇ, ಸಾಲ್ಮನ್ ಮೀನುಗಳು ಹುಟ್ಟಿದ ಹೊಳೆಗೆ ಮರಳಲೆಂದು ನೀರಿನ ಮೆಟ್ಟಿಲುಗಳಿವೆ. ಗೊಂಬೆ ಪ್ರದರ್ಶನಕ್ಕೆ ಚನ್ನಪಟ್ಟಣದಿಂದ ನನ್ನ ಜೊತೆ ಬಂದಿದ್ದ ಸಲೀಂ ಸಾಹೇಬರು ಅಲ್ಲಿಂದ ಕದಲಲೇ ಇಲ್ಲ. ಇಂಗ್ಲಿಷ್ ಬಾರದೆಂದು ಮಳಿಗೆಯಲ್ಲಿ ಬಾಯಿಯನ್ನೇ ಬಿಡದಿದ್ದವರು ಅವರು.

ಮೈಯೆಲ್ಲ ತರಚಿದ್ದ ಮೀನೊಂದು ಹಾರಿ ಹಾರಿ ಕೆಳಕ್ಕೇ ಬೀಳುತ್ತಿತ್ತು.

“ಒಸಿ ಜೋರಾಗಿ ಹಾರ್ಲಾ! ಇನ್ನೊಂದೇ ಮೆಟ್ಲು ಐತೆ!” ಸಾಹೇಬರು ಕೂಗಿಯೇಬಿಟ್ಟರು.

ಮೀನು ಹತ್ತಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅದು ಯಾವ ಭಾಷೆಯೆಂದು ಅಜ್ಜಿಯೊಬ್ಬರು ಕೇಳಿದರು. ನಾನು ಅದನ್ನು ಸಾಹೇಬರಿಗೆ ತಿಳಿಸಿದೆ.

“ಕನ್ನಡ,” ಸಾಹೇಬರು ಎದೆಯುಬ್ಬಿಸಿದರು. “ನಮ್ ಚನ್ನಪಟ್ಣದ್ದು.” ಕೂಗುವುದು ಹೇಗೆಂದು ಎಲ್ಲರಿಗೂ ಹೇಳಿಕೊಟ್ಟರು.

ಇನ್ನೊಂದು ಮೀನು ಮೆಟ್ಟಿಲಿಗೆ ಬಂತು. ಕಂಬಿಗೆ ಒರಗಿದ್ದ ಅಷ್ಟೂ ಜನ ಒಟ್ಟಿಗೆ ಕೂಗಿದರು: “ಹಾರ್ಲಾ!”