ಮೇಷ್ಟ್ರ ಹೆಬ್ಬೆರಳು

ಕುರುಗೋಡಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಒಂದೇ ಲೆಕ್ಕದ ಮುಂದೆ ಸಂಜೆಯವರೆಗೂ ಕೂರಿಸುತ್ತಿದ್ದರು. "ಅವಸರ ಮಾಡಬ್ಯಾಡಲೇ, ಅದರ ಜೊತಿಗಿ ಕುಂದ್ರು" ಎನ್ನುವುದು ಅವರ ಮಾತು. ಹಾಗೆ ಕೂತು ಕಲಿತದ್ದರಿಂದಲೇ ನಮ್ಮ ಮನೆತನಕ್ಕೆ ಮೊದಲ ಡಿಗ್ರಿ ಬಂತು. ಅದನ್ನು ನನ್ನ ಬಾಯಿಂದಲೇ ಹೇಳಬೇಕೆಂದು, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಪೇಡೆ ಕೊಂಡು ಅವರ ಮನೆಗೆ ಹೋದೆ.

ಮೇಷ್ಟ್ರು ಆಗ ನಿವೃತ್ತರಾಗಿದ್ದರು. ಮೊಬೈಲು ಗೋಡೆಯ ಗೂಡಿನಲ್ಲಿ ಚಾರ್ಜಿಗಿತ್ತು. ಆದರೂ ಅವರ ಹೆಬ್ಬೆರಳು ತೊಡೆಯ ಮೇಲೆ ಆಗಾಗ ಮೇಲಕ್ಕೆ ಸರಿಯುತ್ತಿತ್ತು, ರೀಲ್ಸ್ ದೂಡುವ ಹಾಗೆ.

"ದಿನಪೂರ್ತಿ ಅದನ್ನ ನೋಡ್ತಾರ," ಎಂದರು ಅವರ ಹೆಂಡತಿ. "ನಿದ್ದಿಯಾಗೂ ಬೆರಳು ನಿಲ್ಲಂಗಿಲ್ಲಪ್ಪ. ಮೊನ್ನಿ ಡಾಕ್ಟರ್ ಕಡಿ ಹೋದಾಗ..."

ಬೆರಳು ಸರಿಯಿತು. ಮೇಷ್ಟ್ರ ಹೆಂಡತಿ ಮಾತನ್ನು ಅಲ್ಲಿಗೇ ಬಿಟ್ಟು, "ನಮ್ಮ ಎಮ್ಮಿ ಈದೈತಿ" ಎಂದರು. ಬೆರಳು ಮತ್ತೆ ಸರಿಯಿತು. "ಸಿರುಗುಪ್ಪದಾಗ ಬಾಳ ಮಳಿಯಂತ" ಎಂದರು. ತಾವು ಮಾತು ಬದಲಿಸುತ್ತಿರುವುದು ಅವರಿಗೇ ಗೊತ್ತಿದ್ದಂತಿರಲಿಲ್ಲ.

"ಏನ್ ಸುದ್ದಿಲೇ, ಹೇಳು," ಎಂದರು ಮೇಷ್ಟ್ರು, ಹಳೆಯ ಪ್ರೀತಿಯಿಂದಲೇ.

"ಸಾರ್, ನಮ್ಮ ಮನಿಯಾಗ ನಾನೇ ಮೊದಲು..."

ಹೆಬ್ಬೆರಳು ಸರಿಯಿತು.

"ಬಸ್ ಬಾಳ ರಶ್ ಇತ್ರಿ, ಸಾರ್," ಎಂದೆ ನಾನು.