ಶಾಲೆಯ ಮೈದಾನ ತೋರಿಸಿ ಸೈಟು ಮಾರಲು ಬಂದವರು

ಗೆಳೆಯರೇ, ಬೂದಿಗೆರೆ ಹತ್ತಿರದ ನಮ್ಮೂರಿನ ಸರ್ಕಾರಿ ಶಾಲೆಯ ಮೈದಾನಕ್ಕೆ ಇವತ್ತು ಸಂಜೆ ಲೇಔಟ್ ಮಾಲೀಕರೊಬ್ಬರು ಕಾರು ನುಗ್ಗಿಸಿದರು. ಜೊತೆಗೆ ಸೈಟು ನೋಡಲು ಬಂದ ಗಂಡ ಹೆಂಡತಿ. ಅಂಚಿನಲ್ಲಿ ರಾಗಿ ಹರವಿದ್ದ ಗೌರಮ್ಮನಿಗೆ, "ಕಸ್ಟಮರ್ ಬಂದವ್ರೆ, ಎತ್ತಮ್ಮ ಅದನ್ನ!" ಎಂದು ಗದರಿದರು.

"ಜಾಗ ಸ್ಕೂಲಿಂದು. ಮೇಡಂ ಹೇಳ್ಲಿ, ಎತ್ತುತೀನಿ" ಎಂದಳು ಗೌರಮ್ಮ.

ಇದೇ ಮನುಷ್ಯ ಹಿಂದೆ ಗೋಮಾಳವಾಗಿದ್ದ ಈ ಮೈದಾನಕ್ಕೆ ಬೇಲಿ ಹಾಕಿಸಿದ್ದು, ನಾವು ಊರವರು ಸೇರಿ ಕಿತ್ತಿದ್ದು, ತಾಲ್ಲೂಕು ಕಚೇರಿಗೆ ವರ್ಷಗಟ್ಟಲೆ ಅಲೆದಿದ್ದು ಯಾವುದನ್ನೂ ನಾನು ಮರೆತಿಲ್ಲ. ಕಳೆದ ತಿಂಗಳಷ್ಟೇ ಪಹಣಿ ಶಾಲೆಯ ಹೆಸರಿಗೆ ಬಂತು. ತರಗತಿ ಮುಗಿದ ಮೇಲೆ ಊರಿನವರೂ ಬಳಸಲಿ ಎಂದು ಶಾಲೆಯವರೇ ತೀರ್ಮಾನಿಸಿದರು.

ಗಲಾಟೆ ಕೇಳಿ ಮುಖ್ಯ ಶಿಕ್ಷಕಿ ಹೊರಗೆ ಬಂದರು. "ಇದು ಶಾಲೆ ಜಾಗ. ಕಾರು ಆಚೆ ತೆಗೀರಿ."

"ನೀವು ಟೀಚರು, ಪಾಠ ಮಾಡ್ಕೊಂಡಿರಿ ಮೇಡಂ."

"ಪಾಠಾನೇ ಮಾಡ್ತಿದೀನಿ. ಕಾರು ತೆಗೀರಿ."

ಸೈಟು ನೋಡಲು ಬಂದಿದ್ದ ಹೆಂಗಸು ಮಾಲೀಕರತ್ತ ತಿರುಗಿದರು. "ಇದು ಲೇಔಟ್ ಪ್ಲೇಗ್ರೌಂಡ್ ಅಂದಿದ್ರಲ್ಲ ಸರ್?" ಮಾಲೀಕರು ಕಾರಿನತ್ತ ನಡೆದರು. ಆಕೆ ಶಿಕ್ಷಕಿಯನ್ನು ಕೇಳಿದರು: "ಹಾಗಾದ್ರೆ ಸೈಟು ತಗೊಳ್ಳದೇ ಇದ್ರೂ ನಾವಿಲ್ಲಿ ಆಡಬಹುದಾ?"

"ಧಾರಾಳವಾಗಿ ಬನ್ನಿ. ಐದು ಗಂಟೆ ಆದ್ಮೇಲೆ."

ಆ ಹೆಂಗಸಿನ ಗಂಡ ಆಗಲೇ ವಾಲಿಬಾಲ್ ನೆಟ್ ಪಕ್ಕ ನಿಂತು ಬೂಟು ಬಿಚ್ಚುತ್ತಿದ್ದರು. ಮಾಲೀಕರು ಕಾರನ್ನು ಹಿಮ್ಮುಖವಾಗಿಯೇ ಗೇಟು ದಾಟಿಸಿದರು.

ಇವತ್ತು ಸೈಟು ಮಾರಾಟವಾಗಲಿಲ್ಲ. ಆದರೆ ನಮ್ಮೂರ ವಾಲಿಬಾಲ್ ತಂಡಕ್ಕೆ ಎತ್ತರದ ಆಟಗಾರನೊಬ್ಬನನ್ನು ಕರೆತಂದ ಪುಣ್ಯ ಆ ಮಾಲೀಕರಿಗೇ ಸೇರಬೇಕು.